ಎಂಟು ಲಕ್ಷ ಒಂದೇ, ಲೆಕ್ಕ ಎರಡು: ಟೀಚರ ಮಗಳ ಮೆಡಿಕಲ್ ಸೀಟು

ಪ್ರಶ್ನೆ: ನಾವು ಕಾರ್ಕಳ ತಾಲೂಕಿನವರು, ಬಿಲ್ಲವರು. ಹೆಂಡತಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಸಂಬಳ ಈಗ ವರ್ಷಕ್ಕೆ ಸುಮಾರು 9 ಲಕ್ಷ. ನನ್ನದು ಜಿನಸಿ ಅಂಗಡಿ, ಖರ್ಚು ಕಳೆದು 2.4 ಲಕ್ಷ ಉಳಿಯುತ್ತದೆ. ಮಗಳು ದ್ವಿತೀಯ ಪಿಯುಸಿ, ಮುಂದಿನ ನೀಟ್ ಬರೆಯುತ್ತಾಳೆ. ಏಳನೆಯವರೆಗೆ ಊರಿನ ಶಾಲೆ, ಎಂಟರಿಂದ ಹತ್ತು ಕಾರ್ಕಳ ಪೇಟೆಯ ಹೈಸ್ಕೂಲು, ಎರಡೂ ಕನ್ನಡ ಮಾಧ್ಯಮ. ನಾಡಕಚೇರಿಯಲ್ಲಿ ರಾಜ್ಯದ ಹಿಂದುಳಿದ ವರ್ಗ 2ಎಯ ಸರ್ಟಿಫಿಕೇಟು ಕೇಳಿದರೆ “ಎಂಟು ಲಕ್ಷ ದಾಟಿದೆ, ನೀವು ಕೆನೆಪದರ (ಮೀಸಲಾತಿ ಸಿಗದ ಸ್ಥಿತಿವಂತರು), ಆಗುವುದಿಲ್ಲ” ಎಂದರು. ಸೈಬರ್ ಸೆಂಟರಿನ ಹುಡುಗ “ಕೇಂದ್ರದ ಒಬಿಸಿ ಸಿಗುತ್ತದೆ ಮಾರಾಯ್ರೆ, ಅದರಲ್ಲಿ ಸಂಬಳ ಲೆಕ್ಕಕ್ಕಿಲ್ಲ” ಎನ್ನುತ್ತಾನೆ. ಪರಿಚಯದವರೊಬ್ಬರು “2ಎ ಸಿಗದಿದ್ದರೆ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲರ ಕೋಟಾ) ಮಾಡಿಸಿ” ಎಂದಿದ್ದಾರೆ. ಒಂದೇ ಮಗು ಒಂದು ಕಡೆ ಹಿಂದುಳಿದವಳು, ಇನ್ನೊಂದು ಕಡೆ ಅಲ್ಲ ಎಂದಾಗುವುದುಂಟೇ? ನೀಟ್‌ನಲ್ಲಿ ಒಬಿಸಿ, ರಾಜ್ಯದ ಸೀಟು ಹಂಚುವ ಕೆಇಎಯಲ್ಲಿ ಜಿಎಂ (ಸಾಮಾನ್ಯ ವರ್ಗ) ಎಂದು ಬರೆದರೆ ನಾಳೆ ಕೇಸಾಗುವುದಿಲ್ಲವೇ? ಗ್ರಾಮೀಣ ಕೋಟಾ ಸಿಗುತ್ತದೆಯೇ? ಮಣಿಪಾಲ, ಮಂಗಳೂರಿನ ಕಾಲೇಜುಗಳಲ್ಲಿ ಊರವರಿಗೆ ಏನಾದರೂ ಉಂಟೇ? ಮಗ ಈಗ ಏಳನೇ ಕ್ಲಾಸು. ಗ್ರಾಮೀಣ ಕೋಟಾದ ಆಸೆಗೆ ಅವನನ್ನು ಪೇಟೆಗೆ ಕಳಿಸದೆ ಹಳ್ಳಿಯ ಹೈಸ್ಕೂಲಿಗೇ ಹಾಕಬೇಕೇ?

ಉತ್ತರ: ನಾಡಕಚೇರಿಯವರು ಹೇಳಿದ್ದು ಸರಿ. ಸೈಬರ್ ಹುಡುಗ ಹೇಳಿದ್ದೂ ಸರಿ. ಇಡಬ್ಲ್ಯುಎಸ್ ಸಲಹೆ ಕೊಟ್ಟವರು ಮಾತ್ರ ತಪ್ಪು. ನೀಟ್‌ನಲ್ಲಿ ಒಬಿಸಿ ಎಂದೂ ಕೆಇಎಯಲ್ಲಿ ಜಿಎಂ ಎಂದೂ ಬರೆಯುವುದು ಅಪರಾಧವಲ್ಲ. ನಿಮ್ಮ ಪರಿಸ್ಥಿತಿಯಲ್ಲಿ ಸತ್ಯ ಬರೆಯುವ ದಾರಿಯೇ ಅದು. ನಿಮ್ಮ ಮಗಳಿಗೆ ಎಲ್ಲಕ್ಕಿಂತ ಹೆಚ್ಚು ಪ್ರಯೋಜನವಾಗಬಹುದಾದ ಮೀಸಲಾತಿ ಇನ್ನೊಂದು ಇದೆ. ಅದರ ಹೆಸರನ್ನು ನೀವಾಗಲಿ, ನಿಮಗೆ ಸಲಹೆ ಕೊಟ್ಟವರಾಗಲಿ ಎತ್ತಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಗೊಂದಲದ ಬೇರು ಇಲ್ಲಿದೆ. “ನಮ್ಮ ಮಗುವಿನ ಕೆಟಗರಿ ಯಾವುದು” ಎಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದದ್ದು “ಈ ಸೀಟು ಯಾರದ್ದು” ಎಂದು. ನೀಟ್ ಪರೀಕ್ಷೆ ದೇಶಕ್ಕೆಲ್ಲ ಒಂದೇ ಆದರೂ ಸೀಟು ಹಂಚುವವರು ಬೇರೆ ಬೇರೆ. ಎಲ್ಲ ರಾಜ್ಯಗಳ ಸರ್ಕಾರಿ ಕಾಲೇಜುಗಳ ಶೇ 15ರಷ್ಟು ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಅದನ್ನೂ ಏಮ್ಸ್, ಜಿಪ್ಮರ್‌ನಂಥ ಕೇಂದ್ರದ ಸಂಸ್ಥೆಗಳ ಸೀಟನ್ನೂ ತುಂಬುವುದು ಕೇಂದ್ರದ ಕೌನ್ಸೆಲಿಂಗ್ ಸಮಿತಿಯಾದ ಎಂಸಿಸಿ. ಅಲ್ಲಿ ನಡೆಯುವುದು ಕೇಂದ್ರದ ಪಟ್ಟಿ, ಕೇಂದ್ರದ ಕೆನೆಪದರ. ಉಳಿದ ಸರ್ಕಾರಿ ಸೀಟು ಮತ್ತು ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾ ಕೆಇಎಯ ಕೈಯಲ್ಲಿ. ಅಲ್ಲಿ ರಾಜ್ಯದ ಪಟ್ಟಿ, ರಾಜ್ಯದ ಕೆನೆಪದರ. ಕೆಇಎ ನೀಟ್‌ನಿಂದ ತೆಗೆದುಕೊಳ್ಳುವುದು ಅಂಕ ಮತ್ತು ರ್‍ಯಾಂಕನ್ನು. ಮೀಸಲಾತಿಯ ಹಕ್ಕನ್ನು ಅದು ತನ್ನದೇ ಅರ್ಜಿಯಲ್ಲಿ ಹೊಸದಾಗಿ ಕೇಳಿ, ತನ್ನದೇ ದಾಖಲೆಗಳಲ್ಲಿ ನೋಡಿಕೊಳ್ಳುತ್ತದೆ.

ಎರಡು ಪಟ್ಟಿಗಳು ಏಕೆ ಎಂದರೆ, ಎರಡೂ ಹುಟ್ಟಿದ ಕಾಲ, ಕಾರಣ ಬೇರೆ. ಕರ್ನಾಟಕದ್ದು 1975ರ ಹಾವನೂರು ಆಯೋಗದ ವರದಿಯಿಂದ ಬೆಳೆದು ಬಂದದ್ದು. ಇಂದು ಅದರ ಹಂಚಿಕೆ ಪ್ರವರ್ಗ-1ಕ್ಕೆ ಶೇ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5, ಒಟ್ಟು 32. ಕೇಂದ್ರದ್ದು ಮಂಡಲ್ ಆಯೋಗದ ಬೆನ್ನಿಗೆ ಬಂದದ್ದು. ಒಳವರ್ಗಗಳಿಲ್ಲದ ಒಂದೇ ಶೇ 27. ಅಖಿಲ ಭಾರತ ವೈದ್ಯಕೀಯ ಕೋಟಾದಲ್ಲಿ ಒಬಿಸಿಗೆ ಈ 27 ಮತ್ತು ಇಡಬ್ಲ್ಯುಎಸ್‌ಗೆ ಶೇ 10 ಬಂದದ್ದು 2021-22ರಿಂದ. ರಾಜ್ಯಗಳು ತಮ್ಮದೇ ಪಟ್ಟಿ ಇಟ್ಟುಕೊಳ್ಳಬಹುದೇ ಎಂಬ ತಕರಾರು ಒಮ್ಮೆ ಎದ್ದು, 2021ರ 105ನೇ ಸಂವಿಧಾನ ತಿದ್ದುಪಡಿ “ಇಟ್ಟುಕೊಳ್ಳಬಹುದು” ಎಂದು ಸ್ಪಷ್ಟ ಮಾಡಿತು. ಹಾಗಾಗಿ ಈ ಎರಡು ತಲೆಯ ವ್ಯವಸ್ಥೆ ಸದ್ಯಕ್ಕೆ ಎಲ್ಲಿಗೂ ಹೋಗುವುದಿಲ್ಲ. ಬಿಲ್ಲವರ ಹೆಸರು ಎರಡೂ ಪಟ್ಟಿಗಳಲ್ಲಿದೆ. ನಿಮ್ಮ ತೊಡಕು ಜಾತಿಯದ್ದಲ್ಲ, ಆದಾಯದ ಲೆಕ್ಕದ್ದು.

ಎರಡೂ ಕಡೆ ಮಿತಿ ಎಂಟು ಲಕ್ಷವೇ. ಜನ ಮೋಸ ಹೋಗುವುದು ಈ ಒಂದೇ ಅಂಕಿಯಿಂದ. ರಾಜ್ಯದ ಜಾತಿ-ಆದಾಯ ಪ್ರಮಾಣಪತ್ರ, ಅಂದರೆ ನಮೂನೆ ‘ಎಫ್’, ಕುಟುಂಬದ ಒಟ್ಟು ಆದಾಯ ನೋಡುತ್ತದೆ. ನೌಕರರಿದ್ದರೆ ವೇತನ ಪ್ರಮಾಣಪತ್ರ ಕೇಳುತ್ತಾರೆ. ನಿಮ್ಮ ಮನೆಯದ್ದು 9 ಮತ್ತು 2.4, ಒಟ್ಟು 11.4 ಲಕ್ಷ. ಅಲ್ಲಿಗೆ ಮುಗಿಯಿತು.

ಕೇಂದ್ರದ ಲೆಕ್ಕ ಬೇರೆ ಜಾಯಮಾನದ್ದು. ಅದರ ಮೂಲ 1993ರ ಸೆಪ್ಟೆಂಬರ್ 8ರ ಕಚೇರಿ ಜ್ಞಾಪನ, ಸಂಖ್ಯೆ 36012/22/93. ಅದು ಮೊದಲು ತಂದೆ-ತಾಯಿಯ ಹುದ್ದೆ ನೋಡುತ್ತದೆ. ಇಬ್ಬರಲ್ಲಿ ಒಬ್ಬರು ನೇರ ನೇಮಕದ ಗ್ರೂಪ್ ‘ಎ’ ಅಧಿಕಾರಿಯಾಗಿದ್ದರೆ, ಅಥವಾ ಇಬ್ಬರೂ ನೇರ ನೇಮಕದ ಗ್ರೂಪ್ ‘ಬಿ’ ಆಗಿದ್ದರೆ ಮಕ್ಕಳು ಕೆನೆಪದರ. ನಿಮ್ಮ ಹೆಂಡತಿಯವರು ಪ್ರಾಥಮಿಕ ಶಾಲಾ ಶಿಕ್ಷಕಿ, ಗ್ರೂಪ್ ‘ಸಿ’. ಹುದ್ದೆಯ ಜರಡಿಯಲ್ಲಿ ಸಿಕ್ಕಿಬೀಳುವುದಿಲ್ಲ. ಮುಂದಿನದು ಆದಾಯ. ಅದರಲ್ಲಿ ಸಂಬಳವನ್ನೂ ಕೃಷಿ ಆದಾಯವನ್ನೂ ಸೇರಿಸುವಂತಿಲ್ಲ. ಉಳಿದ ಆದಾಯ, ಅಂದರೆ ಅಂಗಡಿ, ಬಾಡಿಗೆ, ಬಡ್ಡಿ, ಸತತ ಮೂರು ವರ್ಷ ಎಂಟು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಕೆನೆಪದರ. ಈ ಎಂಟು ಲಕ್ಷದ ಮಿತಿ ಬಂದದ್ದು 2017ರಲ್ಲಿ. ನಿಮ್ಮದು 2.4 ಲಕ್ಷ. ನಿಮ್ಮ ಮಗಳು ಕೇಂದ್ರದ ಕಣ್ಣಿನಲ್ಲಿ ಕೆನೆಪದರಕ್ಕೆ ಸೇರದ ಒಬಿಸಿ.

ಒಂದು ಕಡೆ ಲೋಪ, ಇನ್ನೊಂದು ಕಡೆ ನ್ಯಾಯ ಎಂದು ನಾನು ತೀರ್ಪು ಕೊಡುವುದಿಲ್ಲ. ವೇತನ ಆಯೋಗ ಬಂದಾಗಲೆಲ್ಲ ಗುಮಾಸ್ತರ ಸಂಬಳವೂ ಏರುತ್ತದೆ, ಅದರಿಂದ ಸಾಮಾಜಿಕ ಸ್ಥಾನ ಏರುವುದಿಲ್ಲ ಎಂಬುದು ಕೇಂದ್ರದ ಲೆಕ್ಕದ ಹಿಂದಿನ ವಾದ. ಮನೆಗೆ ಬರುವ ದುಡ್ಡು ಸಂಬಳವಾದರೇನು, ವ್ಯಾಪಾರವಾದರೇನು, ಕೋಚಿಂಗ್ ಫೀಸು ಕಟ್ಟುವುದು ಅದೇ ದುಡ್ಡಲ್ಲವೇ ಎಂಬುದು ರಾಜ್ಯದ ವಾದ. ಆದರೆ ಕೂಲಿಯಿಂದ ಬದುಕುವ ಬಿಲ್ಲವರ ಮಗುವಿನ ಎದುರು ಟೀಚರ ಮಗು 2ಎ ಸೀಟು ಕೇಳಿದಾಗ ರಾಜ್ಯದ ವಾದ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ನಿಮಗೆ ಇದು ಕಹಿ ಎನಿಸಬಹುದು.

ಇದರ ತಿರುಗುಮುರುಗು ಉದಾಹರಣೆ ನಮ್ಮ ಕಡಲ ಬದಿಯಲ್ಲೇ ಇದೆ. ಮೊಗವೀರರು ರಾಜ್ಯದಲ್ಲಿ ಪ್ರವರ್ಗ-1. ಪ್ರವರ್ಗ-1ಕ್ಕೆ ಕೆನೆಪದರವೇ ಇಲ್ಲ, ಆದಾಯ ಎಷ್ಟಿದ್ದರೂ ನಮೂನೆ ‘ಇ’ ಸಿಗುತ್ತದೆ. ಮಲ್ಪೆಯಲ್ಲಿ ಬೋಟು ಇಟ್ಟುಕೊಂಡು ವರ್ಷಕ್ಕೆ ಹನ್ನೆರಡು ಲಕ್ಷ ದುಡಿಯುವ ಮನೆಯ ಮಗು ಕೆಇಎಯಲ್ಲಿ ಪ್ರವರ್ಗ-1, ಆದರೆ ಬೋಟಿನದ್ದು ವ್ಯಾಪಾರದ ಆದಾಯವಾದ್ದರಿಂದ ಎಂಸಿಸಿಯಲ್ಲಿ ಸಾಮಾನ್ಯ ವರ್ಗ. ನಿಮ್ಮ ಮಗಳು ಅಲ್ಲಿ ಒಬಿಸಿ, ಇಲ್ಲಿ ಜಿಎಂ. ಪಕ್ಕಪಕ್ಕದ ಬೆಂಚಿನಲ್ಲಿ ಕೂತ ಇಬ್ಬರು, ಎರಡು ಅರ್ಜಿಗಳಲ್ಲಿ ಅದಲು ಬದಲು. ಇಬ್ಬರದೂ ಕಾನೂನುಬದ್ಧ.

ಇನ್ನು ಇಡಬ್ಲ್ಯುಎಸ್. “ಒಬಿಸಿಯಲ್ಲಿ ಕೆನೆಪದರಕ್ಕೆ ಬಿದ್ದವರಿಗೆ ಇಡಬ್ಲ್ಯುಎಸ್” ಎಂಬ ಮಾತು ಊರಲ್ಲೆಲ್ಲ ಓಡಾಡುತ್ತಿದೆ. ತಪ್ಪು. ಆ ಪ್ರಮಾಣಪತ್ರದ ನಮೂನೆಯಲ್ಲೇ, ಅರ್ಜಿದಾರರ ಜಾತಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಅಥವಾ ಒಬಿಸಿಯ ಕೇಂದ್ರ ಪಟ್ಟಿಯಲ್ಲಿ ಇಲ್ಲ ಎಂದು ಅಧಿಕಾರಿ ದೃಢೀಕರಿಸಬೇಕು. ಬಿಲ್ಲವ ಕೇಂದ್ರ ಪಟ್ಟಿಯಲ್ಲಿ ಇರುವುದರಿಂದ ನಿಮಗೆ ಬಾಗಿಲೇ ಇಲ್ಲ. ಇದ್ದಿದ್ದರೂ ಒಳಗೆ ಹೋಗುವಂತಿರಲಿಲ್ಲ, ಯಾಕೆಂದರೆ ಇಡಬ್ಲ್ಯುಎಸ್‌ನ ಎಂಟು ಲಕ್ಷದಲ್ಲಿ ಸಂಬಳ, ಕೃಷಿ, ವ್ಯಾಪಾರ ಎಲ್ಲವೂ ಸೇರುತ್ತದೆ. ಮೇಲಿಂದ ಐದು ಎಕರೆ ಕೃಷಿಭೂಮಿ, ಸಾವಿರ ಚದರ ಅಡಿಯ ಫ್ಲಾಟ್ ಮುಂತಾದ ಆಸ್ತಿಯ ಮಿತಿಗಳು ಬೇರೆ. ಕೆಇಎಯ ವೈದ್ಯಕೀಯ ಸೀಟು ಪಟ್ಟಿಯಲ್ಲಿ ಆ ಕಲಮೂ ಇಲ್ಲ.

ಆದರೆ ಅದೇ ಸಾಲಿನಿಂದ ಬೇರೆಯವರಿಗೆ ಉಪಕಾರ ಉಂಟು. ರಾಜ್ಯದ 3ಎ, 3ಬಿ ಇತ್ಯಾದಿ ಪಟ್ಟಿಯಲ್ಲಿದ್ದು ಕೇಂದ್ರ ಪಟ್ಟಿಯಲ್ಲಿ ಇಲ್ಲದ ಸಮುದಾಯದವರು, ಆದಾಯ-ಆಸ್ತಿ ಮಿತಿಯೊಳಗಿದ್ದರೆ, ಕೇಂದ್ರದ ಸೀಟಿಗೆ ಇಡಬ್ಲ್ಯುಎಸ್ ಕೇಳಬಹುದು. ಕೌಂಟರಿನಲ್ಲಿ “ನೀವು 3ಬಿ, ನಿಮಗೆ ಆಗುವುದಿಲ್ಲ” ಎಂದು ವಾಪಸ್ ಕಳಿಸುವುದುಂಟು. ಆಗ ನಮೂನೆಯ ಆ ‘ಕೇಂದ್ರ ಪಟ್ಟಿ’ ಎಂಬ ಪದವನ್ನು ತೋರಿಸಿ. ತಮ್ಮ ಜಾತಿ ಕೇಂದ್ರ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂದು ಪಕ್ಕದ ಮನೆಯವರನ್ನು ಕೇಳದೆ ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಜಾಲತಾಣದಲ್ಲಿ ಕರ್ನಾಟಕದ ಪಟ್ಟಿ ತೆರೆದು, ಉಪಜಾತಿಯ ಹೆಸರುಗಳ ಸಮೇತ ಓದಿಕೊಳ್ಳಿ.

ಈಗ ಯಾರೂ ಹೇಳದ ಸಂಗತಿ. ನಿಮ್ಮ ಮಗಳು ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮ. ಕೆಇಎ ಪ್ರತಿ ವರ್ಗದೊಳಗೂ ಶೇ 5ರಷ್ಟು ಸೀಟನ್ನು ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಡುತ್ತದೆ. ಜಿಎಂನೊಳಗೂ ಇದೆ, ಸೀಟು ಪಟ್ಟಿಯಲ್ಲಿ ‘ಜಿಎಂಕೆ’ ಎಂದು ಕಾಣುತ್ತದೆ. ಇದಕ್ಕೆ ಕೆನೆಪದರದ ಹಂಗಿಲ್ಲ, ತಹಶೀಲ್ದಾರರ ಬಾಗಿಲು ಕಾಯಬೇಕಿಲ್ಲ. ಬೇಕಾದದ್ದು ಓದಿದ ಶಾಲೆಯ ಮುಖ್ಯಸ್ಥರು ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿಯ ವ್ಯಾಸಂಗ ಪ್ರಮಾಣಪತ್ರ.

ಎಷ್ಟು ಸೀಟು? 150 ಸೀಟಿನ ಸರ್ಕಾರಿ ಕಾಲೇಜು ತೆಗೆದುಕೊಳ್ಳಿ. ಅಖಿಲ ಭಾರತ ಕೋಟಾ ಕಳೆದರೆ ಸುಮಾರು 127. ಪರಿಶಿಷ್ಟರದ್ದೂ ಸೇರಿ ಮೀಸಲಾತಿ ಶೇ 56 ಹೋಗಿ ಜಿಎಂಗೆ ಸುಮಾರು 56 ಸೀಟು. ಅದರ ಶೇ 5 ಎಂದರೆ ಎರಡೋ ಮೂರೋ. ಒಂದು ಕಾಲೇಜಿಗೆ ಕಡಿಮೆ ಎನಿಸಿದರೂ ಶಿವಮೊಗ್ಗ, ಹಾಸನ, ಕಾರವಾರ, ಚಿಕ್ಕಮಗಳೂರು, ಮಡಿಕೇರಿ ಎಂದು ರಾಜ್ಯದ ಎಲ್ಲ ಕಾಲೇಜು ಕೂಡಿಸಿದರೆ ಸಣ್ಣ ಸಂಖ್ಯೆಯಲ್ಲ. ಪಿಸಿಬಿಯಲ್ಲಿ (ಭೌತ, ರಸಾಯನ, ಜೀವಶಾಸ್ತ್ರ) ಒಳ್ಳೆಯ ಅಂಕ ಬರುವ, ಹತ್ತೂ ವರ್ಷ ಕನ್ನಡದಲ್ಲೇ ಓದಿದ ಮಕ್ಕಳು ಇಂದು ಕರಾವಳಿಯಲ್ಲಿ ಎಷ್ಟು ಮಂದಿ ಉಳಿದಿದ್ದಾರೆ, ಯೋಚಿಸಿ. ಪೈಪೋಟಿ ಸಣ್ಣದಾಗುವುದು ಅಲ್ಲಿ. ಕೆಇಎ ಪ್ರತಿ ಸುತ್ತಿನ ಕಟ್‌ಆಫ್ ರ್‍ಯಾಂಕನ್ನು ಕಾಲೇಜುವಾರು, ವರ್ಗವಾರು ಪ್ರಕಟಿಸುತ್ತದೆ. ಹಿಂದಿನ ಮೂರು ವರ್ಷದ್ದು ಇಳಿಸಿಕೊಂಡು ಜಿಎಂ, ಜಿಎಂಕೆ, 2ಎ ಸಾಮಾನ್ಯ ಈ ಮೂರು ಕಲಮುಗಳನ್ನು ಒಂದೇ ಕಾಗದದಲ್ಲಿ ಬರೆದು ನೋಡಿ. 2ಎ ಕೈತಪ್ಪಿದ ನಷ್ಟ ಎಷ್ಟು, ಅದರಲ್ಲಿ ಜಿಎಂಕೆ ಎಷ್ಟು ತುಂಬಿಕೊಡುತ್ತದೆ ಎಂಬುದು ಅಂಕಿಯಲ್ಲೇ ಕಾಣುತ್ತದೆ.

ಕೇಂದ್ರದ ಒಬಿಸಿಯಿಂದ ಆಗುವ ಲಾಭ ಇದರ ಮುಂದೆ ಸಣ್ಣದು ಎಂದೇ ಹೇಳಬೇಕು. ಅಖಿಲ ಭಾರತ ಕೋಟಾದಲ್ಲಿ ಒಬಿಸಿಯ ಕಟ್‌ಆಫ್ ಸಾಮಾನ್ಯ ವರ್ಗದ ಕಟ್‌ಆಫಿಗೆ ಬಹುತೇಕ ಅಂಟಿಕೊಂಡೇ ಇರುತ್ತದೆ. ದೇಶದ ಎಲ್ಲ ರಾಜ್ಯಗಳ ಒಬಿಸಿ ಮಕ್ಕಳು ಅಲ್ಲಿ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಮಾಡಿಸಿ, ಬಿಡಬೇಡಿ, ಆದರೆ ಅದರ ಮೇಲೆಯೇ ಎಲ್ಲ ಆಸೆ ಇಟ್ಟು ಜಿಎಂಕೆ ಕಾಗದ ಮರೆಯಬೇಡಿ.

ಗ್ರಾಮೀಣ ಕೋಟಾ ಶೇ 15. ನಿಮ್ಮ ಮಗಳಿಗೆ ಇಲ್ಲ, ಅದೂ ಎರಡು ಕಾರಣಕ್ಕೆ. ಒಂದನೆಯದು, ಈ ಕೋಟಾ ನೋಡುವುದು ಮನೆ ಎಲ್ಲಿದೆ ಎಂದಲ್ಲ, ಶಾಲೆ ಎಲ್ಲಿತ್ತು ಎಂದು. ಒಂದರಿಂದ ಹತ್ತರವರೆಗಿನ ಹತ್ತೂ ವರ್ಷ ನಗರ ಪ್ರದೇಶದ ಹೊರಗೆ ಓದಿರಬೇಕು. ನಗರಪಾಲಿಕೆ, ನಗರಸಭೆ, ಪುರಸಭೆ ಮಾತ್ರವಲ್ಲ, ಪಟ್ಟಣ ಪಂಚಾಯತ್ ವ್ಯಾಪ್ತಿಯ ಶಾಲೆಯೂ ಗ್ರಾಮೀಣವಲ್ಲ. ಕಾರ್ಕಳ ಪೇಟೆ ಪುರಸಭೆ. ಸಾಲಿಗ್ರಾಮ, ಮುಲ್ಕಿಯಂಥ ಕಡೆ ನೋಟಕ್ಕೆ ಹಳ್ಳಿಯಂತಿದ್ದರೂ ಆಡಳಿತ ಪಟ್ಟಣ ಪಂಚಾಯತಿನದ್ದು. ಅಲ್ಲಿನ ಪೋಷಕರು ಈ ಬಲೆಗೆ ಹೆಚ್ಚು ಬೀಳುತ್ತಾರೆ. ಇತ್ತೀಚೆಗೆ ಗ್ರಾಮ ಪಂಚಾಯತಿನಿಂದ ಮೇಲೇರಿದ ಊರಾದರೆ ಯಾವ ವರ್ಷದಿಂದ ಏರಿತು ಎಂಬ ದಿನಾಂಕ ಹಿಡಿದು, ಮಗು ಆಗ ಯಾವ ಕ್ಲಾಸಿನಲ್ಲಿತ್ತು ಎಂದು ನೋಡಬೇಕು. ಎರಡನೆಯ ಕಾರಣವನ್ನು ಮಗನ ಪ್ರಶ್ನೆಗೆ ಉತ್ತರಿಸುವಾಗ ಹೇಳುತ್ತೇನೆ.

ಮಣಿಪಾಲ ಮತ್ತು ಮಂಗಳೂರಿನ ಕೆಎಂಸಿಗಳು, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಮತ್ತು ಯೆನೆಪೋಯ ಡೀಮ್ಡ್ ವಿಶ್ವವಿದ್ಯಾಲಯಗಳ ಕಾಲೇಜುಗಳು. ಅವುಗಳ ಸೀಟು ತುಂಬುವುದೂ ಎಂಸಿಸಿ. ಅಲ್ಲಿ ಜಾತಿ ಮೀಸಲಾತಿ ಇಲ್ಲ, ಊರವರಿಗೆಂದು ಪಾಲೂ ಇಲ್ಲ. ಎಂಟು ಮೈಲಿ ದೂರದ ಮಗುವಿಗೂ ಪಟ್ನಾದ ಮಗುವಿಗೂ ಒಂದೇ ಸಾಲು, ಒಂದೇ ಫೀಸು. ಫಾದರ್ ಮುಲ್ಲರ್, ಎ.ಜೆ., ಕಣಚೂರಿನಂಥ ಖಾಸಗಿ ಕಾಲೇಜುಗಳಲ್ಲಿ ಒಂದು ಪಾಲು ಸೀಟು ಸರ್ಕಾರಿ ಕೋಟಾ, ಅದಕ್ಕೆ ಕೆಇಎಯ ಮೀಸಲಾತಿ ಅನ್ವಯ, ಜಿಎಂಕೆಯೂ ಸೇರಿ. ಅದೇ ಕಾಲೇಜಿನ ಖಾಸಗಿ ಕೋಟಾ ಸೀಟಿಗೆ ಜಾತಿ ಮೀಸಲಾತಿ ಇಲ್ಲ. ಆಯ್ಕೆ ಪಟ್ಟಿ ತುಂಬುವಾಗ ಕಾಲೇಜಿನ ಹೆಸರು ಒಂದೇ ಇದ್ದರೂ ಫೀಸಿನ ಕಲಮು ಬೇರೆ ಇರುತ್ತದೆ, ಅದನ್ನು ನೋಡದೆ ಒತ್ತಬೇಡಿ.

ಇನ್ನೊಂದು ಹೊಂಡ ಅರ್ಹತಾ ಅಂಕದ್ದು. ನೀಟ್ ಪಾಸಾಗಲು ಸಾಮಾನ್ಯ ವರ್ಗಕ್ಕೆ 50ನೇ ಪರ್ಸೆಂಟೈಲ್, ಒಬಿಸಿ ಹಾಗೂ ಪರಿಶಿಷ್ಟರಿಗೆ 40ನೇದು. ಪರ್ಸೆಂಟೈಲ್ ಎಂದರೆ ಶೇಕಡಾ ಅಂಕವಲ್ಲ, ಬರೆದವರಲ್ಲಿ ಎಷ್ಟು ಮಂದಿಗಿಂತ ಮೇಲಿದ್ದೀರಿ ಎಂಬುದು. 2025ರಲ್ಲಿ 720ಕ್ಕೆ 144 ಬಂದವರು ಸಾಮಾನ್ಯ ವರ್ಗದಲ್ಲಿ ಅರ್ಹರು, ಒಬಿಸಿಗೆ 113 ಸಾಕಿತ್ತು. 2024ರ ಪರಿಷ್ಕೃತ ಫಲಿತಾಂಶದಲ್ಲಿ ಅದೇ ಗೆರೆಗಳು 162 ಮತ್ತು 127. ನಿಮ್ಮ ಮಗಳ ಅಂಕಪಟ್ಟಿ ಒಬಿಸಿ ಎಂದು ‘ಅರ್ಹ’ ಹೇಳಿದರೂ ಕೆಇಎಯಲ್ಲಿ ಜಿಎಂ ಆಗಿ ನಿಂತಾಗ ಅವಳಿಗೆ ಮೇಲಿನ ಗೆರೆ ಅನ್ವಯ. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದಲ್ಲಿಯೂ ಹಾಗೆಯೇ: ಕೆಇಎಯಲ್ಲಿ ಜಿಎಂಗೆ ಒಟ್ಟು ಶೇ 50, ಮೀಸಲು ವರ್ಗಗಳಿಗೆ ಶೇ 40. ಸರ್ಕಾರಿ ಸೀಟು ಸಿಗುವ ಅಂಕ ಇದಕ್ಕಿಂತ ಎಷ್ಟೋ ಮೇಲೆ ಇರುವುದರಿಂದ ಅಲ್ಲಿ ಈ ಗೆರೆ ಯಾರಿಗೂ ತಾಗುವುದಿಲ್ಲ. ತಾಗುವುದು, ಕಡಿಮೆ ಅಂಕ ಬಂದು ದುಡ್ಡು ಕಟ್ಟಿ ಖಾಸಗಿ ಸೀಟು ಹುಡುಕುವವರಿಗೆ. ಏಜೆಂಟರು “ನೀಟ್ ಕ್ವಾಲಿಫೈ ಆಗಿದೆಯಲ್ಲ” ಎಂದು ಮುಂಗಡ ಕೇಳುವುದು ಇದೇ ಸಂದಿಯಲ್ಲಿ.

ಕಾಗದಪತ್ರಕ್ಕೆ ಬರೋಣ, ಯಾಕೆಂದರೆ ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

ಕೇಂದ್ರದ ಒಬಿಸಿ ಪ್ರಮಾಣಪತ್ರವನ್ನೂ ಕೊಡುವವರು ತಹಶೀಲ್ದಾರರೇ, ಆದರೆ ಅದು ಬೇರೆ ಅರ್ಜಿ, ಬೇರೆ ನಮೂನೆ. 2ಎ ಸರ್ಟಿಫಿಕೇಟನ್ನೇ ಇಂಗ್ಲಿಷಿನಲ್ಲಿ ಕೊಡಿ ಎಂದು ಕೇಳಿದರೆ ಅದು ಎಂಸಿಸಿಗೆ ನಡೆಯುವುದಿಲ್ಲ. ಪತ್ರದಲ್ಲಿ ಕೇಂದ್ರ ಪಟ್ಟಿಯ ಉಲ್ಲೇಖ ಮತ್ತು 1993ರ ಜ್ಞಾಪನದ ಪ್ರಕಾರ ಕೆನೆಪದರಕ್ಕೆ ಸೇರಿಲ್ಲ ಎಂಬ ಮಾತು ಇರಬೇಕು. ಕೌನ್ಸೆಲಿಂಗಿಗೆ ಕೇಳುವುದು ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟದ್ದನ್ನು. ಮಾರ್ಚ್‌ನಲ್ಲಿ ಮಾಡಿಸಿಟ್ಟುಕೊಂಡರೆ ಮತ್ತೊಮ್ಮೆ ಅಲೆಯಬೇಕು. ಏಪ್ರಿಲ್ ಮೊದಲ ವಾರದಲ್ಲೇ ಅರ್ಜಿ ಹಾಕಿ, ಮೂರು ವಾರದ ಅವಕಾಶ ಇಟ್ಟುಕೊಳ್ಳಿ. ಅರ್ಜಿಯ ಜೊತೆ ಹೆಂಡತಿಯವರ ಸೇವಾ ಪ್ರಮಾಣಪತ್ರ ಇಡಿ. ಅದರಲ್ಲಿ ನೇಮಕವಾದ ಹುದ್ದೆ, ಈಗಿನ ಹುದ್ದೆ ಮತ್ತು ‘ಗ್ರೂಪ್ ಸಿ’ ಎಂಬ ಮೂರು ಸಂಗತಿ ಕಡ್ಡಾಯವಾಗಿ ನಮೂದಾಗಿರಲಿ. ಬರೀ ಸಂಬಳದ ಚೀಟಿ ಕೊಟ್ಟರೆ ಗ್ರಾಮ ಆಡಳಿತಾಧಿಕಾರಿ ವರದಿಯಲ್ಲಿ ಅಂಕಿಯನ್ನಷ್ಟೇ ಬರೆಯುತ್ತಾರೆ, ಅಂಕಿ ನೋಡಿದ ಕಚೇರಿ ತಿರಸ್ಕರಿಸುತ್ತದೆ. ನಿಮ್ಮ ಅಂಗಡಿಯ ಮೂರು ವರ್ಷದ ಆದಾಯ ತೆರಿಗೆ ವಿವರ, ಪಡಿತರ ಚೀಟಿ, ಆಧಾರ್ ಸಾಮಾನ್ಯ. 1993ರ ಜ್ಞಾಪನ ಮತ್ತು ಸಂಬಳ ಸೇರಿಸಬಾರದು ಎಂದು ವಿವರಿಸುವ 2004ರ ಅಕ್ಟೋಬರ್ 14ರ ಸ್ಪಷ್ಟೀಕರಣದ ಪ್ರತಿಯನ್ನೂ ಲಗತ್ತಿಸಿ. ಕೌಂಟರಿನಲ್ಲಿ ವಾದಕ್ಕೆ ಇಳಿಯುವುದಕ್ಕಿಂತ ಆ ಎರಡು ಹಾಳೆ ಹೆಚ್ಚು ಕೆಲಸ ಮಾಡುತ್ತವೆ.

ಜಾತಿಗೆ ಆಧಾರ ನಿಮ್ಮ, ಅಂದರೆ ತಂದೆಯ, ಶಾಲಾ ದಾಖಲೆ. ನಮ್ಮ ಜಿಲ್ಲೆಗಳ ಹಳೆಯ ದಾಖಲಾತಿ ಪುಸ್ತಕಗಳಲ್ಲಿ ಜಾತಿಯ ಕಲಮಿನಲ್ಲಿ ‘ಹಿಂದೂ ಬಿಲ್ಲವ’ ಎಂದಿರುವ ಬದಲು ಬರೀ ‘ಹಿಂದೂ’, ಅಥವಾ ‘ಪೂಜಾರಿ’ ಎಂದು ಇರುವುದು ಮಾಮೂಲು. ಪೂಜಾರಿ ಕುಲನಾಮ, ಅದನ್ನು ಮಾತ್ರ ನೋಡಿ ಕಚೇರಿ ಆಕ್ಷೇಪ ಎತ್ತಬಹುದು. ಹಾಗಿದ್ದರೆ ನಿಮ್ಮ ಅಣ್ಣತಮ್ಮಂದಿರ ಅಥವಾ ನಿಮ್ಮ ತಂದೆಯವರ ಶಾಲಾ ದಾಖಲೆ, ಹಿಂದೆ ಅವರಿಗೆ ಕೊಟ್ಟ ಜಾತಿ ಪ್ರಮಾಣಪತ್ರ, ಸಂಬಂಧ ತೋರಿಸುವ ವಂಶವೃಕ್ಷ ಕೂಡಿಸಿ ಕೊಡಿ. ಇದು ಏಪ್ರಿಲ್‌ನಲ್ಲಿ ಗೊತ್ತಾಗುವುದಕ್ಕಿಂತ ಈಗಲೇ ಶಾಲೆಗೆ ಹೋಗಿ ಪುಸ್ತಕ ತೆಗೆಸಿ ನೋಡುವುದು ಒಳ್ಳೆಯದು. ಮಗಳ ಹೆಸರು, ನಿಮ್ಮ ಹೆಸರಿನ ಕಾಗುಣಿತ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ನೀಟ್ ಅರ್ಜಿಯಲ್ಲೂ ಪ್ರಮಾಣಪತ್ರದಲ್ಲೂ ಅಕ್ಷರಕ್ಕೆ ಅಕ್ಷರ ಹಾಗೆಯೇ ಇರಲಿ.

ತಹಶೀಲ್ದಾರರು ತಿರಸ್ಕರಿಸಿದರೆ ಬರಹದಲ್ಲಿ ಹಿಂಬರಹ ಪಡೆಯಿರಿ, ಬಾಯಿಮಾತು ಸಾಲದು. ಅದರ ಮೇಲೆ 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಉಡುಪಿ ಜಿಲ್ಲೆಗೆ ಆ ಕಚೇರಿ ಕುಂದಾಪುರದಲ್ಲಿ. ದಾರಿ ದೂರ, ಕೌನ್ಸೆಲಿಂಗಿನ ಗಡಿಯಾರ ನಿಲ್ಲುವುದಿಲ್ಲ. ಅದಕ್ಕೇ ಮೊದಲ ಅರ್ಜಿಯೇ ಗಟ್ಟಿಯಾಗಿರಬೇಕು. ಕೌನ್ಸೆಲಿಂಗಿನಲ್ಲಿ ಒಬಿಸಿ ಸೀಟು ಹಂಚಿಕೆಯಾದ ಮೇಲೆ ಕಾಲೇಜಿನಲ್ಲಿ ವರದಿ ಮಾಡುವಾಗ ಸರಿಯಾದ ಪತ್ರ ಇಲ್ಲದಿದ್ದರೆ ಆ ಸೀಟು ರದ್ದು.

ಕನ್ನಡ ಮಾಧ್ಯಮದ ಕಾಗದ ಸುಲಭ ಎನಿಸಿದರೂ ಅದರಲ್ಲೊಂದು ಮುಳ್ಳು ಇದೆ. ಮಗಳು ಎರಡು ಶಾಲೆಯಲ್ಲಿ ಓದಿರುವುದರಿಂದ ಎರಡೂ ಕಡೆಯ ವರ್ಷಗಳ ಲೆಕ್ಕ ಕೂಡಿ ಹತ್ತು ಆಗಬೇಕು. ಪೇಟೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ವಿಭಾಗವೂ ಇದ್ದರೆ, ಇಲಾಖೆಯ ವಿದ್ಯಾರ್ಥಿ ದತ್ತಾಂಶದಲ್ಲಿ, ಅಂದರೆ ಸ್ಯಾಟ್ಸ್‌ನಲ್ಲಿ, ಮಗುವಿನ ಮಾಧ್ಯಮ ‘ಇಂಗ್ಲಿಷ್’ ಎಂದು ದಾಖಲಾಗಿರಬಹುದು. ಕಾಗದದ ಪತ್ರ ಕನ್ನಡ ಎಂದು, ಕಂಪ್ಯೂಟರು ಇಂಗ್ಲಿಷ್ ಎಂದು ಹೇಳಿದರೆ ಪರಿಶೀಲನೆಯಲ್ಲಿ ಹಕ್ಕು ಬೀಳುತ್ತದೆ. ಸ್ಯಾಟ್ಸ್ ಸಂಖ್ಯೆ ಹಿಡಿದು ಎರಡೂ ಶಾಲೆಗೆ ಹೋಗಿ ಪರದೆಯ ಮೇಲೆ ನೋಡಿ, ತಪ್ಪಿದ್ದರೆ ಈಗಲೇ ತಿದ್ದಿಸಿ. ಕೆಇಎ ಅರ್ಜಿ ಬರುವುದು ವರ್ಷದ ಮೊದಲ ತಿಂಗಳುಗಳಲ್ಲಿ. ಆ ಅರ್ಜಿಯಲ್ಲಿ ಕೇಳದ ಕೋಟಾವನ್ನು ಜುಲೈಯಲ್ಲಿ ಕೇಳಲು ಹೋದರೆ ಕೊಡುವುದಿಲ್ಲ.

ಇನ್ನು, ಯಾರಾದರೂ ನಿಮ್ಮ ಕಿವಿಯಲ್ಲಿ ಹೇಳಿಯೇ ಹೇಳುತ್ತಾರೆ: “ಟೀಚರ ಸಂಬಳ ಹಾಕಬೇಡಿ, ಅಂಗಡಿಯದ್ದು ಮಾತ್ರ ತೋರಿಸಿ 2ಎ ಮಾಡಿಸಿಕೊಳ್ಳಿ.” ಅಜ್ಜನನ್ನು ಪೋಷಕರೆಂದು ತೋರಿಸುವ ಉಪಾಯವೂ ಚಾಲ್ತಿಯಲ್ಲಿದೆ. ಸರ್ಕಾರಿ ನೌಕರರ ಸಂಬಳ ಬಚ್ಚಿಡುವ ವಸ್ತುವಲ್ಲ. ಖಜಾನೆಯಲ್ಲಿ, ಫಾರ್ಮ್ 16ರಲ್ಲಿ, ಪಾನ್‌ನಲ್ಲಿ ಕೂತಿರುತ್ತದೆ. ಒಬ್ಬ ಸೋತ ಅಭ್ಯರ್ಥಿಯ ದೂರು ಸಾಕು. ಸುಳ್ಳು ಪತ್ರದ ಸೀಟು ಎರಡನೇ ವರ್ಷದಲ್ಲೂ ರದ್ದಾಗಬಹುದು, 1990ರ ರಾಜ್ಯ ಮೀಸಲಾತಿ ಕಾಯ್ದೆಯಡಿ ಕ್ರಿಮಿನಲ್ ಪ್ರಕರಣವೂ ಆಗುತ್ತದೆ, ಹೆಂಡತಿಯವರ ನೌಕರಿಗೂ ಕುತ್ತು. ಆದಾಯದ ಲೆಕ್ಕದಲ್ಲೇ ನಿಜವಾದ ತಪ್ಪಿದ್ದರೆ, ಉದಾಹರಣೆಗೆ ಹಳೆಯ ಬಾಕಿ ವೇತನ ಒಂದೇ ವರ್ಷ ಬಂದು ಅಂಕಿ ಉಬ್ಬಿದ್ದರೆ, ಆಗ ಮೇಲ್ಮನವಿಗೆ ಅರ್ಥವಿದೆ. 11.4 ಲಕ್ಷಕ್ಕೆ ಆ ವಾದ ನಿಲ್ಲುವುದಿಲ್ಲ.

ಹಾಗಾಗಿ ನಿಮ್ಮ ಮುಂದಿರುವುದು ಹೀಗೆ. ನೀಟ್‌ನಲ್ಲಿ ಒಬಿಸಿ, ಕೆಇಎಯಲ್ಲಿ ಜಿಎಂ ಜೊತೆ ಕನ್ನಡ ಮಾಧ್ಯಮ: ನನ್ನ ಸಲಹೆ ಇದು. ಇದರ ಅಪಾಯ ಕೇಂದ್ರದ ಪತ್ರ ಸಮಯಕ್ಕೆ ಸಿಗದೆ ಹೋಗುವುದೊಂದೇ, ಆಗಲೂ ರಾಜ್ಯದ ಹಕ್ಕಿಗೆ ಧಕ್ಕೆಯಿಲ್ಲ. ಗಲಾಟೆಯೇ ಬೇಡ ಎಂದು ಎರಡೂ ಕಡೆ ಸಾಮಾನ್ಯ ಎಂದು ಬರೆದರೆ ಕಾಗದದ ತಲೆಬಿಸಿ ಇಲ್ಲ, ಅಖಿಲ ಭಾರತ ಕೋಟಾದ ಸಣ್ಣ ಲಾಭ ಹೋಗುತ್ತದೆ, ಆಮೇಲೆ ಮನಸ್ಸು ಬದಲಾಯಿಸಿದರೆ ತಿದ್ದುಪಡಿಯ ಕೆಲವೇ ದಿನ ಬಿಟ್ಟು ಅವಕಾಶ ಇರುವುದಿಲ್ಲ. ವಿದ್ಯಾರ್ಥಿವೇತನದ ಆಸೆಗೆ ಮೀಸಲಾತಿಯ ಪತ್ರವನ್ನು ಜೋಡಿಸಬೇಡಿ. ಕೇಂದ್ರದ ಮೆಟ್ರಿಕ್ ನಂತರದ ವೇತನಕ್ಕೆ ಮಿತಿ 2.5 ಲಕ್ಷ, ಅಲ್ಲಿ ಸಂಬಳವೂ ಸೇರುತ್ತದೆ. ಒಬಿಸಿ ಪತ್ರ ಇದೆ ಎಂದ ಮಾತ್ರಕ್ಕೆ ಅದು ಸಿಗುವುದಿಲ್ಲ.

ಕೊನೆಗೆ ಮಗ. ಗ್ರಾಮೀಣ ಕೋಟಾಕ್ಕಾಗಿ ಅವನನ್ನು ಹಳ್ಳಿಯ ಹೈಸ್ಕೂಲಿಗೆ ಹಾಕುವ ಅಗತ್ಯವಿಲ್ಲ. ಜಿಎಂ ವರ್ಗದವರು ಗ್ರಾಮೀಣ ಕೋಟಾ ಕೇಳಬೇಕಾದರೆ ಶಾಲೆಯ ಪತ್ರದ ಜೊತೆಗೆ ತಾವು ಕೆನೆಪದರದವರಲ್ಲ ಎಂಬ ತಹಶೀಲ್ದಾರರ ಪತ್ರವನ್ನೂ ಕೊಡಬೇಕು. ಈಗಿನ ನಿಯಮ, ಈಗಿನ ಆದಾಯದಲ್ಲಿ ಅದು ನಿಮಗೆ ಸಿಗುವುದಿಲ್ಲ. ಹತ್ತು ವರ್ಷ ಹಳ್ಳಿಯಲ್ಲೇ ಓದಿದ್ದರೂ ಮಗಳಿಗೂ ಸಿಗುತ್ತಿರಲಿಲ್ಲ. ಆದ್ದರಿಂದ ಹೈಸ್ಕೂಲನ್ನು ಪಾಠ ಮತ್ತು ಬಸ್ಸು ನೋಡಿ ಆರಿಸಿ, ಪೇಟೆಯಾದರೂ ನಷ್ಟವಿಲ್ಲ. ಕಳೆದುಕೊಳ್ಳುವುದಿದ್ದರೆ ಮಾಧ್ಯಮದಲ್ಲಿ. ಎಂಟನೆಯಲ್ಲಿ ಇಂಗ್ಲಿಷ್ ವಿಭಾಗಕ್ಕೆ ಸೇರಿಸಿದ ದಿನ ಅವನ ಏಳು ವರ್ಷದ ಕನ್ನಡ ಕೋಟಾದ ಲೆಕ್ಕಕ್ಕೆ ಬರುವುದಿಲ್ಲ. ಪಿಯುಸಿ ವಿಜ್ಞಾನ ಹೇಗೂ ಇಂಗ್ಲಿಷಿನಲ್ಲಿ, ಮೂರು ವರ್ಷ ಮೊದಲೇ ಅಭ್ಯಾಸವಾಗಲಿ ಎನ್ನುವವರ ಮಾತಿನಲ್ಲೂ ಹುರುಳಿದೆ. ಅಕ್ಕ ಪ್ರಥಮ ಪಿಯುಸಿಯಲ್ಲಿ ಇಂಗ್ಲಿಷ್ ಪುಸ್ತಕಕ್ಕೆ ಹೊಂದಿಕೊಳ್ಳಲು ಎಷ್ಟು ತಿಂಗಳು ತೆಗೆದುಕೊಂಡಳು ಎಂದು ಅವಳನ್ನೇ ಕೇಳಿ, ಆಮೇಲೆ ತೀರ್ಮಾನಿಸಿ.